ಅಲ್ಲಿ ತಟ್ಟುವವರಿಲ್ಲ

ವೇದಿಕೆಯಲ್ಲಿರುವ ಅಧ್ಯಕ್ಷರೇ, ಅತಿಥಿಗಳೇ, ಇಂದು ನಿವೃತ್ತರಾಗುತ್ತಿರುವ ನಮ್ಮ ಹಿರಿಯ ತಂತ್ರಜ್ಞೆಯವರೇ, ಸಭಿಕರೇ,

ನಿರ್ದೇಶಕರೂ ಇವರನ್ನು ‘ದೊಡ್ಡಮ್ಮ’ ಎಂದೇ ಕರೆಯುತ್ತಾರೆ; ಎದುರಿಗಲ್ಲ, ಅಷ್ಟೇ.

ನಮ್ಮ ಪ್ರಯೋಗಾಲಯದ ಕೆಲಸ ವಿಚಿತ್ರವಾದದ್ದು. ನಮ್ಮ ಬಾಹ್ಯಾಕಾಶ ನೌಕೆಯ ಇಂಧನ ತೊಟ್ಟಿಯ ಹೀಟರನ್ನು ದಿನಕ್ಕೆ ನಲವತ್ತು ಸಲ ಹಚ್ಚಿ ಆರಿಸುವುದು ಬೆರಳುಗಾತ್ರದ ಒಂದು ರಿಲೇ, ಅಂದರೆ ತಾನಾಗಿಯೇ ಕೆಲಸ ಮಾಡುವ ಸ್ವಿಚ್ಚು. ಅದರ ಜೊತೆಗೇ ತಯಾರಾದ ಇನ್ನೊಂದನ್ನು ನಾವು ನೆಲದ ಮೇಲೆ, ಗಾಳಿ ತೆಗೆದ ಪೆಟ್ಟಿಗೆಯೊಳಗೆ, ಇನ್ನೂ ವೇಗವಾಗಿ ದುಡಿಸುತ್ತೇವೆ. ನೆಲದ್ದು ಮೊದಲು ಮುದಿಯಾಗಬೇಕು, ಮೊದಲು ಸಾಯಬೇಕು. ಯಾಕೆ? ಮೇಲಿನದ್ದು ಉಳಿಯಲಿ ಎಂದು.

ಒಂಬತ್ತು ವರ್ಷಗಳ ಹಿಂದೆ, ಪರೀಕ್ಷೆ ಯಶಸ್ವಿಯೆಂದು ನಾನು ವರದಿ ಕೊಡಬೇಕಿದ್ದ ವಾರದಲ್ಲೇ, ಮೂರು ಲಕ್ಷದ ಹತ್ತು ಸಾವಿರನೇ ಸುತ್ತಿನಲ್ಲಿ ನೆಲದ ರಿಲೇ ಅಂಟಿಕೊಂಡಿತು. ಬಿಡಿಸಿಕೊಳ್ಳಲಿಲ್ಲ. ನಾನು ಪೆಟ್ಟಿಗೆಯ ಗೋಡೆಗೆ ಬೆರಳಿನಿಂದ ತಟ್ಟಿದೆ. ಟಿಕ್. ಮತ್ತೆ ನಡೆಯತೊಡಗಿತು.

ತಟ್ಟುವುದು ನನ್ನ ಹಳೆಯ ಚಾಳಿ. ಮನೆಯ ಗಡಿಯಾರಕ್ಕೂ ಅದೇ ಮದ್ದು, ಮುನಿಸಿಕೊಂಡ ಮಗಳಿಗೂ ಅದೇ. “ಬೆನ್ನು ತಟ್ಟಿಬಿಟ್ರೆ ಆಯ್ತು ನಿಮಗೆ. ಏನಾಯ್ತು ಅಂತ ಒಂದು ಸಲಾನೂ ಕೇಳಲ್ಲ,” ಎಂದು ನನ್ನ ಹೆಂಡತಿ ಹೇಳುವುದುಂಟು. ಇರಲಿ, ಅದು ಬೇರೆ ವಿಷಯ.

“ಧೂಳಿರಬೇಕು,” ಎಂದೆ. “ನಡೀತಿದೆಯಲ್ಲ, ದೊಡ್ಡಮ್ಮ.”

ಗಾಬರಿಯಲ್ಲಿ ಎದುರಿಗೇ ಅಂದುಬಿಟ್ಟಿದ್ದೆ. ಅವರು ದಾಖಲೆ ಪುಸ್ತಕದಿಂದ ತಲೆಯೆತ್ತಲಿಲ್ಲ.

“ಪೆಟ್ಟಿಗೆಯೊಳಗೆ ಗಾಳೀನೇ ಇಲ್ಲ, ಧೂಳೆಲ್ಲಿಂದ ಬರುತ್ತೆ ಸರ್? ನೀವು ತಟ್ಟಿದ್ರಿ, ನಡೀತು. ಅಲ್ಲಿ ತಟ್ಟೋಕೆ ಯಾರಿದ್ದಾರೆ?”

ಸಭಿಕರೇ, ಅಲ್ಲಿ ಎಂದರೆ ಎಲ್ಲಿ? ಬೆಳಕೇ ನಾಲ್ಕು ಗಂಟೆ ನಡೆಯಬೇಕಾದಷ್ಟು ದೂರ. ಸಾವಿರಾರು ಬಾರಿ ಲೆಕ್ಕ ಹಾಕಿದ್ದ ಆ ದೂರ ನನಗೆ ಅರ್ಥವಾದದ್ದು ಅಂದು, ನನ್ನ ಬೆರಳನ್ನು ನಾನೇ ನೋಡುತ್ತ ನಿಂತಾಗ.

ಅವರು ಬರೆದಿದ್ದರು: ‘ಅಧಿಕಾರಿಯವರು ಬೆರಳಿನಿಂದ ತಟ್ಟಿದರು. ನಂತರ ಚಲಿಸಿತು.’ ಅದನ್ನು ಹೊಡೆದುಹಾಕಿ ಎಂದು ಹೇಳಲು ನಾನು ಬಾಯಿ ತೆರೆದಿದ್ದೆ. ಇದನ್ನು ಇಂದಿನವರೆಗೆ ಯಾರಿಗೂ ಹೇಳಿಲ್ಲ. ಅವರು ಪೆನ್ನನ್ನು ನನ್ನ ಕಡೆಗೆ ಚಾಚಿದರು. ಸಹಿ ಮಾಡಿದೆ.

ರಿಲೇಯನ್ನು ಕತ್ತರಿಸಿ ನೋಡಿದೆವು. ಎರಡು ತುದಿಗಳ ನಡುವೆ ಕರಗಿ ಬೆಸೆದ ಲೋಹದ ಕಣ ಸಾಸಿವೆಯ ನೂರನೇ ಒಂದು ಪಾಲೂ ಇರಲಿಲ್ಲ. ಮೇಲಿನ ರಿಲೇ ಆಗ ಎರಡು ಲಕ್ಷದ ತೊಂಬತ್ತು ಸಾವಿರ ದಾಟಿತ್ತು. ಅದೂ ಹಾಗೆಯೇ ಅಂಟಿಕೊಂಡರೆ ಹೀಟರ್ ಆರದೆ ಉರಿದು ಬ್ಯಾಟರಿ ಬರಿದಾಗುತ್ತಿತ್ತು. ನೌಕೆ ಶಾಶ್ವತವಾಗಿ ಮೌನವಾಗುತ್ತಿತ್ತು. ಸಮಿತಿಯ ಮುಂದೆ ನಿಂತು ತಟ್ಟಿದ್ದನ್ನೂ ಸೇರಿಸಿ ನಡೆದದ್ದನ್ನು ಹೇಳಿದೆ, ಬೈಸಿಕೊಂಡೆ. ಅದೇ ತಿಂಗಳು ಹೀಟರಿನ ಹೊಣೆ ನೌಕೆಯ ಬದಲಿ ರಿಲೇಗೆ ಹೋಯಿತು.

ಇಂದು ಬೆಳಿಗ್ಗೆ ತೊಟ್ಟಿಯ ಉಷ್ಣತೆ ಹನ್ನೊಂದು ಡಿಗ್ರಿ. ಒಬ್ಬರು ಒಂದು ಸಾಲನ್ನು ಬರೆದದ್ದರಿಂದ ಅಷ್ಟು ಕತ್ತಲೆಯ ನಡುವೆ ಒಂದು ತೊಟ್ಟಿ ಇನ್ನೂ ಬೆಚ್ಚಗಿದೆ.

ಇಷ್ಟು ಹೊತ್ತು ಸಹಿಸಿಕೊಂಡ ನಿಮಗೂ, ಅಂದು ಪೆನ್ನು ಚಾಚಿದ ಅವರಿಗೂ ಕೃತಜ್ಞತೆಗಳು. ನಮಸ್ಕಾರ.