ಸೀಮೆಎಣ್ಣೆಯಲ್ಲೇ ನಿಂತ ಮೋಟರ್

ಹಾಗಂತ ಮೋಟರಿನ ಮೇಲೆ ತಪ್ಪು ಹಾಕೋಕಾಗಲ್ಲ, ಗೊತ್ತಾಯ್ತಾ, ತಪ್ಪೆಲ್ಲ ನಂದೇ. ಚಿನ್ನು, ಕಂಬ ಬಿಟ್ಟು ಇತ್ಲಾಗೆ ಕೂತ್ಕೊ, ಹೇಳ್ತೀನಿ. ಒಂಬತ್ತನೇ ಕ್ಲಾಸು ಎರಡು ಸಲ ಓದಿ, ಓದಿ ಅಂತ ಯಾಕೆ ಸುಳ್ಳು ಹೇಳ್ಲಿ, ಎರಡು ಸಲ ಕೂತು ಎದ್ದು ಬಂದೆ. ಚಿಕ್ಕಪ್ಪ ತಮ್ಮ ದೋಣಿಗೆ ಹಾಕಿದ್ರು. ಕೇರಳದ ಮುಳ್ಳನ್ಕೊಲ್ಲಿ ಕಡೆಯಿಂದ ಕಬಿನಿ ಹೊಳೆ ದಾಟಿಸಿ ಕರ್ನಾಟಕದ ದಡಕ್ಕೆ ಬಿಡೋದು, ಅಲ್ಲಿಂದ ಜನ ತುಂಬ್ಕೊಂಡು ಬರೋದು, ಅದೇ ನನ್ನ ಮೊದಲ ಕೆಲ್ಸ. ಆ ಮೋಟರನ್ನ ಪೆಟ್ರೋಲಲ್ಲಿ ಸ್ಟಾರ್ಟ್ ಮಾಡ್ಬೇಕು, ಬಿಸಿಯಾದ್ಮೇಲೆ ಸೀಮೆಎಣ್ಣೆಗೆ ತಿರುಗಿಸ್ಬೇಕು, ದಡ ಬರೋ ಮುಂಚೆ ಮತ್ತೆ ಪೆಟ್ರೋಲಿಗೆ ತಂದು ನಿಲ್ಲಿಸ್ಬೇಕು. ಇಲ್ಲಾಂದ್ರೆ ಒಳಗೆ ಸೀಮೆಎಣ್ಣೆ ಉಳಿದು, ತಣ್ಣಗಾದ್ರೆ ಹತ್ತೋದೇ ಇಲ್ಲ. ಚಿಕ್ಕಪ್ಪ ದಿನಾ ಹೇಳೋರು, ನಾನು ದಿನಾ ತಲೆ ಆಡಿಸ್ತಿದ್ದೆ.

ನನ್ನ ಆಟವೇ ಬೇರೆ. ಮೋಟರಿಗೊಂದು ಕೆಂಪು ಕ್ಲಿಪ್ ಇರುತ್ತೆ, ಎಳೆದ್ರೆ ತಟ್ಟಂತ ನಿಂತೋಗುತ್ತೆ. ದಡದ ಹತ್ರ, ಇನ್ನೂ ಸೀಮೆಎಣ್ಣೇಲಿ ಓಡ್ತಿರೋವಾಗ್ಲೇ ಅದನ್ನ ಎಳೆದು, ಎದೆ ಹಿಡ್ಕೊಂಡು, "ಅಯ್ಯೋ, ಮೋಟರ್ ಸತ್ತೋಯ್ತು!" ಅಂತ ಕೂಗೋದು. ಹೆಂಗಸ್ರು ದೇವ್ರನ್ನೆಲ್ಲ ಕರೀತಿದ್ರು, ದೋಣಿ ಪಾಡಿಗೆ ದೋಣಿ ತೇಲಿ ದಡ ಮುಟ್ತಿತ್ತು. ಬೇರೆ ದಿನ ತಕ್ಷಣ ಹೊರಡ್ತಿದ್ದೆ, ಮೋಟರ್ ಬಿಸಿ ಇರ್ತಿತ್ತು, ಹತ್ತೋದು. ಆವತ್ತು ಕರ್ನಾಟಕದ ದಡದಲ್ಲಿ ಕ್ಲಿಪ್ ಎಳೆದೋನು, ಚಾ ಕುಡೀತಾ ಒಂದು ಗಂಟೆ ಹರಟೆ ಹೊಡ್ದೆ.

ಆಗ ಪದ್ಮಕ್ಕ ಓಡ್ಬಂದ್ರು. ನಮ್ಮೂರಿನ ಜೈನರ ಮನೆ ಮಗಳು, ಆ ದಡದ ಊರಿಗೆ ಕೊಟ್ಟಿದ್ರು. ಅವರಪ್ಪ ಮಧ್ಯಾಹ್ನ ತೀರ್ಕೊಂಡಿದ್ರು. ಅವರಲ್ಲಿ ಹೊತ್ತು ಮುಳುಗೋ ಮುಂಚೆ ಬೆಂಕಿ ಕೊಡ್ಬೇಕು, ರಾತ್ರಿ ಇಟ್ಕೊಳ್ಳಲ್ಲ. "ಬೇಗ ಬಿಡೋ ತಮ್ಮಾ, ಅಪ್ಪನ ಮುಖ ನೋಡ್ಬೇಕು." ಹೊಳೆ ತುಂಬಿತ್ತು, ಹುಟ್ಟು ಹಾಕೋ ದೋಣಿಗಳನ್ನೆಲ್ಲ ಕಟ್ಟಿಬಿಟ್ಟಿದ್ರು. ಕಾಡು ಸುತ್ತಿ ರೋಡಲ್ಲಿ ಹೋದ್ರೆ ಕತ್ತಲಾಗುತ್ತೆ. ನಾನೇ ಗತಿ.

ಹಗ್ಗ ಎಳೆದೆ. ಇಲ್ಲ. ಮತ್ತೆ ಎಳೆದೆ. ಒಂದು ಕೆಮ್ಮೂ ಇಲ್ಲ. "ಇವತ್ತೂ ಆಟಾನೇನೋ ನಿಂದು?" "ಇಲ್ಲಕ್ಕ, ಅಮ್ಮನಾಣೆ." ಕ್ಲಿಪ್ ನೋಡ್ದೆ, ಸರಿ ಇತ್ತು. ಪೈಪು ನೋಡ್ದೆ. ಗಾಬರೀಲಿ ಪೆಟ್ರೋಲಿಗೆ ತಿರುಗಿಸದೇನೇ ಪೈಪಿನ ರಬ್ಬರ್ ಉಂಡೆ ಒತ್ತಿದೆ, ಒತ್ತಿದಷ್ಟೂ ಸೀಮೆಎಣ್ಣೆ ಇನ್ನೂ ತುಂಬ್ಕೊಳ್ತು. ಹಗ್ಗ ಎಳೆದೆಳೆದು ಅಂಗೈಲಿ ಬೊಬ್ಬೆ ಎದ್ವು. ದೋಣೀಲಿದ್ದ ಮಲಯಾಳಿ ವರ್ಕಿ ಚೇಟ್ಟನ್, ಹಿಂದೆ ಕಡಲಲ್ಲಿ ಮೀನು ಹಿಡೀತಿದ್ದೋರು, ಮೂಸಿ ನೋಡಿ, "ಮೋನೇ, ಮಣ್ಣೆಣ್ಣೇಲೇ ನಿಲ್ಸಿದ್ಯಾ?" ಅಂದ್ರು. ಸೀಮೆಎಣ್ಣೆಗೆ ಅವರು ಮಣ್ಣೆಣ್ಣೆ ಅನ್ನೋದು. ಇಬ್ಬರೂ ಪ್ಲಗ್ ಬಿಚ್ಚಿದ್ವಿ, ಒದ್ದೆ ಮುದ್ದೆ. ಕೆಳಗಿನ ಸ್ಕ್ರೂ ಬಿಚ್ಚಿ ಉಳಿದ ಎಣ್ಣೆ ಸುರಿಸಿದ್ವಿ. ಪದ್ಮಕ್ಕ ಸೆರಗಲ್ಲೇ ಪ್ಲಗ್ ಒರೆಸಿ ಕೊಟ್ರು. ಅಷ್ಟರಲ್ಲಿ ಅವರ ತಮ್ಮನ ಫೋನು, ದೊಡ್ಡ ಗಂಟಲು, ನಂಗೂ ಕೇಳ್ತು: "ಅಕ್ಕಾ, ಎಲ್ಲಿದ್ದೀಯ? ಹಿರಿಯರು ಎತ್ತೋಣ ಅಂತಿದ್ದಾರೆ." "ಒಂದ್ಹತ್ತು ನಿಮಿಷ ತಡಿಯೋ." "ನಾನು ತಡೀತೀನಿ ಅಕ್ಕಾ, ಸೂರ್ಯ ತಡೀಬೇಕಲ್ಲ."

ಕೊನೆಗೆ ಪೆಟ್ರೋಲಲ್ಲಿ ಹತ್ತಿತು. ಇದ್ದಬದ್ದ ಸ್ಪೀಡೆಲ್ಲ ಕೊಟ್ಟೆ. ನಡು ಹೊಳೇಲಿದ್ವಿ, ನಮ್ಮ ದಡದ ಮೆಣಸಿನ ತೋಟದ ಹಿಂದೆ ಹೊಗೆ ಎದ್ದಿತು. ಪದ್ಮಕ್ಕ ಅದನ್ನೇ ನೋಡಿದ್ರು, ತುಂಬಾ ಹೊತ್ತು ನೋಡಿದ್ರು. ಆಮೇಲೆ ನನ್ನ ಕಡೆ ತಿರುಗಿದ್ರು, ಬೈತಾರೆ ಅಂದ್ಕೊಂಡೆ, ಬೈದಿದ್ರೆ ಚೆನ್ನಾಗಿತ್ತು. "ನಿಧಾನಕ್ಕೆ ಬಿಡು ತಮ್ಮಾ, ಇನ್ನೇನು ಅವಸರ" ಅಂದ್ರು.

ಅಷ್ಟೇ. ನಿಲ್ಲಿಸೋವಾಗ್ಲೇ ಮತ್ತೆ ಹೊರಡೋದನ್ನ ನೆನೆಸ್ಕೋಬೇಕು ಮಕ್ಳೇ. ಏಳಿ, ಊಟಕ್ಕೆ ಹೋಗಿ.