ವಸಾಯಿಗೆ ಮನೆ ನೋಡಲು ಹೋದ ವಿಮಲಾ ಕಾಣೆಯಾಗಿಲ್ಲವೆಂಬ ಬಗ್ಗೆ

ಹೆಸರು ವಿಮಲಾ, ಗಂಡ ಜಯಸಿಂಹ. ವಯಸ್ಸು ನಲವತ್ತೆರಡು. ಉದ್ಯೋಗ ಗೃಹಕೃತ್ಯ. ಸ್ವಂತ ಊರು ಮೈಸೂರು. ಹಾಲಿ ವಾಸ ವಿಲೆ ಪಾರ್ಲೆ ಪೂರ್ವ, ಸ್ಟೇಷನ್ನಿನಿಂದ ಎರಡು ಫರ್ಲಾಂಗ್ ದೂರದ ಚಾಳ್, ಎರಡನೇ ಮಹಡಿ, ಮೆಟ್ಟಿಲ ಪಕ್ಕದ ಖೋಲಿ. ಪೊಲೀಸ್ ಚೌಕಿಗೆ ಸ್ವತಃ ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ, ನಾನು ಕಾಣೆಯಾಗಿಲ್ಲ.

ನನ್ನನ್ನು ಯಾರೂ ಅಪಹರಿಸಿಲ್ಲ, ಯಾರೂ ಪುಸಲಾಯಿಸಿಲ್ಲ. ಹೊರಗೆ ಬೆಂಚಿನ ಮೇಲೆ ಕೂರಿಸಿರುವ ಉಡುಪಿ ಹೋಟೆಲಿನ ಮ್ಯಾನೇಜರ್ ಕಾಂತಪ್ಪನವರದು ಏನೂ ತಪ್ಪಿಲ್ಲ. ಅವರನ್ನು ಮೊದಲು ಬಿಟ್ಟು ಆಮೇಲೆ ನನ್ನ ಹೇಳಿಕೆ ಬರೆದುಕೊಳ್ಳಿ ಎಂದು ಕೇಳಿಕೊಂಡೆ. ಹೇಳಿಕೆ ಮುಗಿದ ಮೇಲೆಯೇ ಬಿಡಲಾಗುವುದು ಎಂದು ಸಬ್ ಇನ್ಸ್‌ಪೆಕ್ಟರ್ ಸಾಹೇಬರು ಹೇಳಿದ್ದರಿಂದ ಬೇಗ ಬೇಗ ಹೇಳುತ್ತಿದ್ದೇನೆ. ಸಾಹೇಬರಿಗೆ ಕನ್ನಡ ಬರುವುದಿಲ್ಲವಾದ್ದರಿಂದ ಬಿಜಾಪುರ ಜಿಲ್ಲೆಯವರಾದ ಹೆಡ್ ಕಾನ್ಸ್‌ಟೇಬಲ್ ದಾನಪ್ಪನವರು ಅವರಿಗೆ ಮರಾಠಿಯಲ್ಲಿ ತಿಳಿಸುತ್ತಾ ಬರೆದುಕೊಳ್ಳುತ್ತಿದ್ದಾರೆ.

ನನ್ನ ಯಜಮಾನರು ಬೊಂಬಾಯಿಯ ಫೋರ್ಟ್ ಭಾಗದ ಒಂದು ವಿಮಾ ಕಚೇರಿಯಲ್ಲಿ ಹೆಡ್ ಕ್ಲಾರ್ಕ್. ಪ್ರವಾಸದ ಯೋಜನೆ ಹಾಕುವುದರಲ್ಲಿ ಅವರಿಗೆ ಬಹಳ ಶ್ರದ್ಧೆ. ಮದುವೆಯಾದಂದಿನಿಂದ ಪ್ರತಿ ವರ್ಷ ಕ್ರಿಸ್‌ಮಸ್ ರಜೆಗೆ ಒಂದೊಂದು ಊರು ಆರಿಸುತ್ತಾರೆ. ಒಂದು ವರ್ಷ ಕಾರ್ಲಾ ಗುಹೆ, ಒಂದು ವರ್ಷ ರಾಯಗಢ, ಒಂದು ವರ್ಷ ಜಂಜೀರಾ. ಅಲ್ಲಿ ಬಾಡಿಗೆಗೆ ಮನೆ ಹಿಡಿದು ಎಂಟು ದಿನ ಇರುವುದು, ಬೆಳಿಗ್ಗೆ ಯಾವ ಬಾಗಿಲಿನಿಂದ ಕೋಟೆ ಹತ್ತಿ ಸಂಜೆ ಯಾವ ಬಾಗಿಲಿನಿಂದ ಇಳಿಯುವುದು, ಎಲ್ಲವನ್ನೂ ಊಟದ ಹೊತ್ತಿನಲ್ಲಿ ವಿವರಿಸುತ್ತಾರೆ. ಕೇಳುತ್ತಿದ್ದರೆ ಹೋಗಿ ಬಂದಷ್ಟೇ ಚೆನ್ನಾಗಿರುತ್ತದೆ. ಆಮೇಲೆ ಅಲ್ಲಿಯ ನೀರು ಒಗ್ಗದಿದ್ದರೆ, ಮಂಚದಲ್ಲಿ ತಿಗಣೆ ಇದ್ದರೆ, ಹಾಲು ಸಿಗದಿದ್ದರೆ ಎಂದು ಒಂದೊಂದೇ ಸಂದೇಹ ಬರುತ್ತದೆ. ಮುಂದಿನ ವರ್ಷ ನೋಡೋಣ ಎನ್ನುತ್ತಾರೆ. ನಾವು ಇದುವರೆಗೆ ಎಲ್ಲಿಗೂ ಹೋಗಿಲ್ಲ.

ನಮಗೆ ಒಬ್ಬಳೇ ಮಗಳು, ಶಾಮಲಾ. ಬರುವ ಮಾಘದಲ್ಲಿ ಅವಳ ಮದುವೆ ನಿಶ್ಚಯವಾಗಿದೆ. ಅಳಿಯ ಆಗುವವರು ಜಬಲ್‌ಪುರದಲ್ಲಿದ್ದಾರೆ. ಹಾಗಾಗಿ ಮೂವರೂ ಒಟ್ಟಿಗೆ ಹೋಗುವುದಾದರೆ ಈ ಕ್ರಿಸ್‌ಮಸ್ಸೇ ಕೊನೆ.

ಹೋದ ಭಾನುವಾರ ಯಜಮಾನರು ಕಾಂತಪ್ಪನವರ ಹೋಟೆಲಿಗೆ ಕಾಫಿಗೆ ಹೋಗಿದ್ದರು. ಹೋಟೆಲಿಗೆ ಬಾಳೆ ಎಲೆ ಬರುವುದು ವಸಾಯಿಯಿಂದ. ಎಲೆ ಕಳಿಸುವ ತೋಟದವರ ಮನೆಯ ಮೇಲ್ಮಹಡಿ ಖಾಲಿ ಇದೆ, ಹವಾ ಬದಲಾವಣೆಗೆ ಬರುವವರಿಗೆ ಕೊಡುತ್ತಾರೆ, ಪೋರ್ಚುಗೀಸರ ಹಳೆಯ ಕೋಟೆ ಪಕ್ಕದಲ್ಲೇ ಇದೆ ಎಂದು ಕಾಂತಪ್ಪನವರು ತಿಳಿಸಿದರಂತೆ. ಯಜಮಾನರು ಬಹಳ ಹುರುಪಿನಿಂದ ಮನೆಗೆ ಬಂದರು. ರಾತ್ರಿ ಊಟಕ್ಕೆ ಕೂತಾಗ ಬಾವಿ ನೀರು ಉಪ್ಪಿರಬಹುದು, ಕಾಗದ ಬರೆದು ವಿಚಾರಿಸಬೇಕು ಎಂದರು. ಮಗಳು ತಟ್ಟೆಯಿಂದ ತಲೆ ಎತ್ತಿ, "ಅಪ್ಪಾ, ಇಸ್ ಬಾರ್ ತೋ ಪಕ್ಕಾ ನಾ? ನಾನು ನೆಕ್ಸ್ಟ್ ಇಯರ್ ಇರೋದಿಲ್ಲ" ಎಂದಳು. ಯಜಮಾನರು ಸಾರು ಕೇಳಿದರು.

ನಿನ್ನೆ ಶುಕ್ರವಾರ ಬೆಳಿಗ್ಗೆ ಯಜಮಾನರು ಕಿಟಕಿಯ ಬಳಿ ಪೇಪರ್ ಓದುತ್ತಿದ್ದರು. ಮಗಳು ಮದುವೆಯ ರವಿಕೆ ಹೊಲಿಸಲು ದಾದರಿನ ಚಿಕ್ಕಮ್ಮನ ಮನೆಗೆ ಹಿಂದಿನ ದಿನವೇ ಹೋಗಿದ್ದಳು. ನಾನು ಯಜಮಾನರ ಎದುರಿಗೆ ನಿಂತು, "ಇವತ್ತು ವಸಾಯಿಗೆ ಹೋಗಿ ಆ ಮನೆ ನೋಡ್ಕೊಂಡು ಬರ್ತೀನಿ, ಸಂಜೆ ಒಳಗೆ ಬಂದ್ಬಿಡ್ತೀನಿ" ಎಂದೆ. ಅವರು, "ಹೂಂ, ಛತ್ರಿ ತಗೊಂಡ್ಹೋಗು" ಎಂದರು. ಡಿಸೆಂಬರಿನಲ್ಲಿ ಛತ್ರಿ ಏಕೆಂದು ನಾನು ಕೇಳಲಿಲ್ಲ. ಹೇಳಿದ್ದಾರಲ್ಲ ಎಂದು ತೆಗೆದುಕೊಂಡೆ.

ಹತ್ತು ಗಂಟೆಯ ಸುಮಾರಿಗೆ ಲೋಕಲ್ ಹಿಡಿದೆ. ಬೋರಿವಲಿಯಲ್ಲಿ ಬದಲಾಯಿಸಿದೆ. ಸಮುದ್ರದ ಹಿನ್ನೀರಿನ ಖಾರಿಯ ಸೇತುವೆಯ ಮೇಲೆ ಗಾಡಿ ಹೋಗುವಾಗ ಎರಡೂ ಕಡೆ ನೀರು, ಉಪ್ಪಿನ ಗುಡ್ಡೆಗಳು. ಹೆಂಗಸರ ಡಬ್ಬಿಯಲ್ಲಿ ಸೀಟು ಖಾಲಿ ಇದ್ದರೂ ನಾನು ಬಾಗಿಲ ಹತ್ತಿರವೇ ನಿಂತೆ. ಬಸೀನ್ ರೋಡ್ ಎಂದು ಬೋರ್ಡಿರುವ ವಸಾಯಿ ಸ್ಟೇಷನ್ನಿನಲ್ಲಿ ಇಳಿದು ಟಾಂಗಾದಲ್ಲಿ ಸುಮಾರು ಐದು ಮೈಲಿ ಹೋದೆ. ದಾರಿಯುದ್ದಕ್ಕೂ ಬಾಳೆ ತೋಟ, ವೀಳ್ಯದೆಲೆ ತೋಟ.

ಮನೆಯವರ ಹೆಸರು ಕಾರ್ಮೆಲಿನ್ ಬಾಯಿ. ಕ್ರಿಶ್ಚಿಯನ್ನರು, ವಯಸ್ಸು ಅರವತ್ತರ ಮೇಲೆ, ಕೆಂಪು ಸೀರೆ. ಕೆಳಗೆ ಮಗ, ಸೊಸೆ, ಮೊಮ್ಮಕ್ಕಳಿಂದ ಮನೆ ತುಂಬಿದೆ. ನಾನು ಯಜಮಾನರ ಸಂದೇಹಗಳನ್ನು ಅವರು ಹೇಳುವ ಕ್ರಮದಲ್ಲೇ ಕೇಳಿದೆ. ಬಾವಿಯ ನೀರು ಕುಡಿದು ನೋಡಿದೆ, ಸಿಹಿಯಾಗಿತ್ತು. ಹಾಸಿಗೆ ಮಗುಚಿ ನೋಡಿದೆ, ಮಂಚದ ಸಂದಿಗೆ ಕೂದಲ ಪಿನ್ನು ಹಾಕಿ ನೋಡಿದೆ, ತಿಗಣೆ ಇರಲಿಲ್ಲ. ಹಾಲಿನ ವಿಷಯ ಕೇಳಿದ್ದಕ್ಕೆ ಎಮ್ಮೆಯನ್ನೇ ತೋರಿಸಿದರು. ಬಚ್ಚಲಿನ ಬಾಗಿಲಿನ ಚಿಲಕ ಹಾಕಿ ತೆಗೆದು ಮಾಡುತ್ತಿದ್ದಾಗ ಕಾರ್ಮೆಲಿನ್ ಬಾಯಿ ಮರಾಠಿಯಲ್ಲಿ, ನೀನು ಬಂದಿರುವುದು ಮನೆ ನೋಡಲಿಕ್ಕೋ ಕಳ್ಳನನ್ನು ಹಿಡಿಯಲಿಕ್ಕೋ ಎಂದು ಕೇಳಿ ಜೋರಾಗಿ ನಕ್ಕರು. ನನಗೂ ನಗು ಬಂತು. ಮೇಲ್ಮಹಡಿಯ ಕಿಟಕಿ ತೆಗೆದರೆ ತೆಂಗಿನ ಮರಗಳ ಮೇಲೆ ಕೋಟೆಯ ಗೋಪುರ ಕಾಣುತ್ತದೆ. ನಾನು ಅಲ್ಲೇ ನಿಂತು ಮುಂಗಡ ಕೊಟ್ಟೆ. ಕ್ರಿಸ್‌ಮಸ್ ಹಿಂದಿನ ದಿನದಿಂದ ಹೊಸ ವರ್ಷದವರೆಗೆ ಮನೆ ನಮಗೇ ಎಂದು ಮಾತಾಯಿತು.

ಮಧ್ಯಾಹ್ನ ಅವಲಕ್ಕಿ ಮೊಸರು ತಿಂದು ಕೋಟೆ ನೋಡಲು ಹೋದೆ. ಒಳಗೆ ಹಾಳುಬಿದ್ದ ಇಗರ್ಜಿ ಇದೆ, ಚಾವಣಿ ಇಲ್ಲ, ಗೋಪುರ ಇದೆ. ಗೋಪುರದೊಳಗೆ ಸುರುಳಿ ಮೆಟ್ಟಿಲು. ಮೊದಲ ಸುತ್ತಿಗೇ ಕತ್ತಲಾಯಿತು, ಗೋಡೆ ಮುಟ್ಟಿಕೊಂಡು ಹತ್ತಿದೆ. ಮೇಲೆ ಹೋದಾಗ ಒಮ್ಮೆಲೇ ಸಮುದ್ರ. ನಾಲ್ಕು ದಿಕ್ಕಿಗೂ ಯಾರೂ ಇರಲಿಲ್ಲ. ಬಿಸಿಲಿಗೆಂದು ಛತ್ರಿ ಬಿಚ್ಚಿದೆ, ಗಾಳಿಗೆ ಅದು ಉಲ್ಟಾ ಆಗಿ ಕೈಯಿಂದ ಹಾರಿ ಕೆಳಗೆ ಪಪ್ಪಾಯಿ ಗಿಡದ ಮೇಲೆ ಬಿತ್ತು. ನಾನು ಒಬ್ಬಳೇ ನಿಂತು ಬಹಳ ಹೊತ್ತು ನಕ್ಕೆ. ಆಮೇಲೆ ಶಾಮಲಾ ಎಂದು ಮಗಳ ಹೆಸರು ಹಿಡಿದು ಕೂಗಿದೆ. ಅವಳು ದಾದರಿನಲ್ಲಿದ್ದಾಳೆಂದು ತಿಳಿದೇ ಕೂಗಿದೆ.

ಇಲ್ಲಿ ದಾನಪ್ಪನವರು ಬರೆಯುವುದು ನಿಲ್ಲಿಸಿ, "ಅವ್ವಾರ, ಇದನ್ನೂ ಬರೀಲೇನ್ರಿ?" ಎಂದು ಕೇಳಿದರು. ಸಾಹೇಬರು ಕೇಸಿಗೆ ಇದು ಬೇಕಿಲ್ಲ ಎಂದರು. ಕಾಣೆಯಾದವಳು ಎಲ್ಲಿದ್ದಳು ಎಂದು ತಾನೇ ನೀವು ಕೇಳುತ್ತಿರುವುದು, ಇಲ್ಲಿದ್ದೆ, ಬರೆಯಿರಿ ಎಂದೆ. ಬರೆದರು.

ಹೊತ್ತು ಹೋದದ್ದು ತಿಳಿಯಲಿಲ್ಲ. ನಾಲ್ಕೂವರೆಗೆ ಟಾಂಗಾ ಹತ್ತಿದೆ. ಅರ್ಧ ಮೈಲಿ ಹೋಗುವಷ್ಟರಲ್ಲಿ ಚಕ್ರ ಮುರಿಯಿತು. ಬೇರೆ ಟಾಂಗಾ ಸಿಗಲಿಲ್ಲ. ಕಾರ್ಮೆಲಿನ್ ಬಾಯಿಯ ಮಗ ಸುದ್ದಿ ತಿಳಿದು ಬಂದು, ಹೇಗೂ ಮನೆ ಹಿಡಿದಿದ್ದೀರಿ, ಒಂದು ರಾತ್ರಿ ಮಲಗಿ ನೋಡಿ ಎಂದು ಹೇಳಿ ವಾಪಸು ಕರೆದುಕೊಂಡು ಹೋದರು. ಮುಚ್ಚುವ ಮುಂಚೆ ಪೋಸ್ಟ್ ಆಫೀಸಿಗೆ ಹೋಗಿ ಕಾಂತಪ್ಪನವರ ಹೋಟೆಲಿಗೆ ಟ್ರಂಕ್ ಕಾಲ್ ಹಾಕಿಸಿದೆ. ನಮ್ಮ ಚಾಳಿನಲ್ಲಿ ಫೋನ್ ಇಲ್ಲ. ಫೋನಿನಲ್ಲಿ ಗಾಳಿಯ ಸದ್ದು, ಅದರ ಹಿಂದೆ ಮಸಾಲೆ ದೋಸೆ, ಇಡ್ಲಿ ಎಂಬ ಕೂಗು. ನಾನು ದನಿ ಎತ್ತಿ, "ಮನೆ ಗೊತ್ತು ಮಾಡಿದೀನಿ, ಇವತ್ತು ಬರೋದಿಲ್ಲ, ನಮ್ಮನೆಯವರಿಗೆ ಹೇಳಿ" ಎಂದೆ. ಆಗಲಿ ಎಂದು ಕಾಂತಪ್ಪನವರು ಹೇಳಿದ್ದು ಸ್ಪಷ್ಟವಾಗಿ ಕೇಳಿಸಿತು.

ರಾತ್ರಿ ಚೆನ್ನಾಗಿ ನಿದ್ದೆ ಬಂತು. ಬೆಳಿಗ್ಗೆ ಎದ್ದಾಗ ಬೇರೆಯವರು ಕಾಸಿದ ಕಾಫಿ ಸಿದ್ಧವಾಗಿತ್ತು. ಒಂದು ಗೊನೆ ಬಾಳೆಹಣ್ಣು ಕೊಟ್ಟರು. ಈ ದಿನ ಒಂಬತ್ತೂವರೆಗೆ ವಿಲೆ ಪಾರ್ಲೆಯಲ್ಲಿ ಇಳಿದೆ.

ಪ್ಲಾಟ್‌ಫಾರ್ಮಿನಲ್ಲಿ ಕಾಂತಪ್ಪನವರ ಹೆಂಡತಿ ವಾರಿಜಾ ನಿಂತಿದ್ದರು. ನನ್ನನ್ನು ನೋಡಿ ಓಡಿಬಂದು ಕೈ ಹಿಡಿದು, "ದೇವರೇ, ನೀವು ಬಂದಿರಾ ಅಮ್ಮ! ನಮ್ಮವರನ್ನು ಪೊಲೀಸಿನವರು ಕೂತುಕೊಳ್ಳಿಸಿದ್ದಾರೆ ಮಾರಾಯ್ರೆ, ನೀವು ವಸಾಯಿಯಲ್ಲಿ ಯಾರ ಒಟ್ಟಿಗೆ ಇದ್ದೀರಿ ಅಂತ ಕೇಳ್ತಿದ್ದಾರೆ!" ಎಂದರು. ನಾನು ಬಾಳೆಗೊನೆ ಸಮೇತ ಅವರ ಜೊತೆ ನೇರವಾಗಿ ಇಲ್ಲಿಗೆ ಬಂದೆ.

ಇಲ್ಲಿ ಬಂದ ಮೇಲೆ ತಿಳಿದದ್ದು. ನಿನ್ನೆ ಸಂಜೆ ಕಾಂತಪ್ಪನವರು ನಮ್ಮ ಖೋಲಿಗೆ ಹೋಗಿ ಯಜಮಾನರಿಗೆ, "ಅಮ್ಮ ವಸಾಯಿಯಲ್ಲಿ ಮನೆ ಮಾಡಿದ್ದಾರಂತೆ. ಇನ್ನು ಬರುವುದಿಲ್ಲವಂತೆ. ನಿಮಗೆ ಹೇಳಲಿಕ್ಕೆ ಹೇಳಿದರು" ಎಂದು ತಿಳಿಸಿದರು. ಫೋನಿನಲ್ಲಿ ಅವರಿಗೆ ಕೇಳಿಸಿದ್ದು ಹಾಗೆಯೇ. ಇಷ್ಟು ದೊಡ್ಡ ಸುದ್ದಿಯನ್ನು ಹೇಳಿ ಹೆಚ್ಚು ಹೊತ್ತು ನಿಲ್ಲುವುದು ಮರ್ಯಾದೆಯಲ್ಲ ಎಂದು ತಕ್ಷಣ ಹೊರಟುಹೋದರು. ಯಜಮಾನರು ಬೆಳಗಾಗುತ್ತಲೇ ಇಲ್ಲಿ ದೂರು ಕೊಟ್ಟರು.

ನಾನು ಒಳಗೆ ಬಂದಾಗ ಯಜಮಾನರು ಆ ಮೂಲೆಯ ಕುರ್ಚಿಯಲ್ಲಿದ್ದರು. ಕ್ಷೌರ ಆಗಿರಲಿಲ್ಲ. ಒಂದು ಕಾಲಿನಲ್ಲಿ ಅವರ ಚಪ್ಪಲಿ, ಇನ್ನೊಂದರಲ್ಲಿ ಪಕ್ಕದ ಮನೆಯವರದು. ನನ್ನನ್ನು ನೋಡಿ ಎದ್ದು ನಿಂತರು, ಮತ್ತೆ ಕೂತರು. ವಸಾಯಿಗೇ ಬಂದು ಹುಡುಕಬಹುದಿತ್ತಲ್ಲ ಎಂದು ಕೇಳಿದೆ. ನಾನು ಬಂದು ಕರೆದ ಮೇಲೂ ನೀನು ಬರುವುದಿಲ್ಲ ಎಂದುಬಿಟ್ಟರೆ ಎಂದು ಹೆದರಿಕೆಯಾಯಿತು ಎಂದರು. ರಾತ್ರಿಯಿಡೀ ಕಾರ್ಲಾ, ರಾಯಗಢ, ಜಂಜೀರಾ ಎಂದು ಒಂದೊಂದೇ ಹೆಸರು ನೆನಪಾಗುತ್ತಿತ್ತು, ಯಾರಾದರೂ ಎಷ್ಟು ವರ್ಷ ಕಾಯುತ್ತಾರೆ ಎನ್ನಿಸಿತು ಎಂದರು. ಇದನ್ನು ಹೇಳುವಾಗ ಅವರು ನನ್ನ ಮುಖ ನೋಡದೆ ಬಾಳೆಗೊನೆಯನ್ನು ನೋಡುತ್ತಿದ್ದರು. ನಾನು ಒಂದು ಹಣ್ಣು ಮುರಿದು ಕೊಟ್ಟೆ. ನಿನ್ನೆ ಮಧ್ಯಾಹ್ನದಿಂದ ಅವರು ಏನೂ ತಿಂದಿರಲಿಲ್ಲ. ನಾಲ್ಕು ಹಣ್ಣು ತಿಂದರು. ಸಾಹೇಬರಿಗೂ ದಾನಪ್ಪನವರಿಗೂ ಎರಡೆರಡು ಕೊಟ್ಟಿದ್ದೇನೆ.

ಗಂಡನಿಗೆ ತಿಳಿಸದೆ ಮನೆ ಬಿಟ್ಟು ಹೋಗಿದ್ದೆನು ಎಂದು ಬರೆದರೆ ಕೇಸು ಮುಚ್ಚಲು ಸುಲಭ ಎಂದು ಸಾಹೇಬರು ಹೇಳಿದರು. ಅದಕ್ಕೆ ನಾನು ಒಪ್ಪಲಿಲ್ಲ. ಸಾಹೇಬರು ಯಜಮಾನರ ಕಡೆ ತಿರುಗಿದರು. ಯಜಮಾನರು, "ಹೇಳಿದ್ಲು ಸಾರ್. ಎದುರಿಗೇ ನಿಂತು ಹೇಳಿದ್ಲು. ನಾನು ಪೇಪರ್ ಓದ್ತಿದ್ದೆ. ಹಾಗೇ ಬರ್ಕೊಳ್ಳಿ" ಎಂದರು. ದೂರನ್ನು ವಾಪಸು ತೆಗೆದುಕೊಂಡರು.

ಈಗ ಕಾಂತಪ್ಪನವರನ್ನು ಒಳಗೆ ಕರೆದು ಹೋಗಬಹುದು ಎಂದು ತಿಳಿಸಲಾಗಿದೆ. ಯಜಮಾನರು ಅವರ ಎರಡೂ ಕೈ ಹಿಡಿದು ಕ್ಷಮೆ ಕೇಳಿದರು. ಕಾಂತಪ್ಪನವರು, "ಇರಲಿ, ಆದರೆ ಇನ್ನು ನಾನು ಆ ಫೋನು ಮುಟ್ಟುದಿಲ್ಲ ಮಾರಾಯ್ರೆ, ವಾರಿಜಾಳೇ ಎತ್ತಲಿ" ಎಂದರು. ವಾರಿಜಾ ಅಳುತ್ತಲೇ ನಕ್ಕರು. ಅವರಿಬ್ಬರೂ ಹೋಟೆಲಿಗೆ ಹೋಗಿದ್ದಾರೆ.

ಮುಂದೆ ವಿಚಾರಣೆಗೆ ಬೇಕಾದರೆ ನಾನು ಎಲ್ಲಿ ಸಿಗುತ್ತೇನೆ ಎಂದು ಸಾಹೇಬರು ಕೇಳಿದ್ದಕ್ಕೆ, ಈ ತಿಂಗಳ ಇಪ್ಪತ್ತನಾಲ್ಕರಿಂದ ಹೊಸ ವರ್ಷದವರೆಗೆ ನಾನೂ ಮಗಳೂ ವಸಾಯಿ ಕೋಟೆಯ ಪಕ್ಕ ಕಾರ್ಮೆಲಿನ್ ಬಾಯಿಯವರ ಮೇಲ್ಮಹಡಿಯಲ್ಲಿ ಇರುತ್ತೇವೆ ಎಂದು ತಿಳಿಸಿದೆ. ಅಲ್ಲಿ ಕಾಣದಿದ್ದರೆ ಗೋಪುರದ ಮೇಲೆ ನೋಡಬೇಕು.

ಆಗ ಯಜಮಾನರು ಮೇಜಿನ ಹತ್ತಿರ ಬಂದು ಆ ವಿಳಾಸದಲ್ಲಿ ತಮ್ಮ ಹೆಸರನ್ನೂ ಸೇರಿಸಬೇಕೆಂದು ಕೇಳಿದರು. ದಾನಪ್ಪನವರು ಅವರ ಮುಖ ನೋಡಿ, "ಖರೇನ ಹೋಗ್ತೀರೇನ್ರಿ? ಇಲ್ಲಾಂದ್ರ ಪೆನ್ಸಿಲ್‌ನಾಗ ಬರೀತೀನಿ" ಎಂದರು. ಯಜಮಾನರು ನನ್ನ ಕಡೆ ಒಮ್ಮೆ ನೋಡಿ, ಶಾಯಿಯಲ್ಲೇ ಬರೆಯಿರಿ ಎಂದರು. ದಾನಪ್ಪನವರು ಶಾಯಿಯಲ್ಲಿ ಬರೆದು, ಅಳಿಸಿಹೋಗದಂತೆ ಊದಿ ಒಣಗಿಸಿದರು.

ಇಷ್ಟೂ ನಾನು ಹೇಳಿದಂತೆಯೇ ಇದೆ. ದಾನಪ್ಪನವರು ಓದಿ ಹೇಳಿದ್ದನ್ನು ಕೇಳಿ, ನಿಜವೆಂದು ಒಪ್ಪಿ, ಯಾರ ಒತ್ತಾಯವೂ ಇಲ್ಲದೆ, ಸಂತೋಷದಿಂದ ಸಹಿ ಮಾಡಿದ್ದೇನೆ.

ಸ್ಥಳ: ವಿಲೆ ಪಾರ್ಲೆ
ತಾರೀಖು: 11 ಡಿಸೆಂಬರ್ 1954, ಶನಿವಾರ
ಸಹಿ: ವಿಮಲಾ