ಕೆಂಪು ದಾರ ಕಟ್ಟಿದ ಬಾಟಲಿಗಳು

ವೇದಿಕೆಯ ಮೇಲಿರುವ ನಿರ್ದೇಶಕರೇ, ಸಂಸ್ಥೆಯ ಹಿರಿಯರೇ, ನನ್ನ ಜೊತೆ ಕೆಲಸ ಮಾಡುವವರೇ, ಮೇಡಂ ಹತ್ತಿರ ಕಲಿತು ದೂರದಿಂದ ಬಂದಿರುವವರೇ — ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಿನಲ್ಲಿ ಭಾವ ಕೂತಿದ್ದಾರೆ, ಅವರ ಪಕ್ಕದಲ್ಲಿ ಮಗಳು. ನಿಮ್ಮಿಬ್ಬರಿಗೆ ಕೈಮುಗಿದು ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇವತ್ತು ನನ್ನ ದನಿ ಏರಬಹುದು. ಅದು ನಿಮ್ಮ ಮೇಲಲ್ಲ.

ಎಲ್ಲರೂ ಅವರನ್ನು ಮೇಡಂ ಅನ್ನುತ್ತಿದ್ದರು. ನಾನು ಅಕ್ಕ ಅನ್ನುತ್ತಿದ್ದೆ. ಒಂದೇ ಲ್ಯಾಬು, ಪಕ್ಕಪಕ್ಕದ ಮೇಜು, ಮಧ್ಯೆ ಒಂದು ಸಿಂಕು. ಆ ಸಿಂಕಿಗಾಗಿ ಜಗಳವಾಡುತ್ತಲೇ ನಮ್ಮಿಬ್ಬರ ನೌಕರಿ ಕಳೆಯಿತು. ಅವರು ಅಕ್ಕ ಆದ್ದರಿಂದ ಅವರ ಯಜಮಾನರು ನನಗೆ ಭಾವ.

ನನಗಿಂತ ಮೊದಲು ಮಾತಾಡಿದವರು ಅಕ್ಕನನ್ನು ದಾರಿದೀಪ ಅಂದರು, ಹೆಮ್ಮರ ಅಂದರು. ಅಕ್ಕ ಇದ್ದಿದ್ದರೆ, "ಯಾವ ಮರ? ತೊಗಟೆ ಸಿಗುತ್ತಾ?" ಅಂತ ಕೇಳುತ್ತಿದ್ದರು. — ನಗಿ, ಪರವಾಗಿಲ್ಲ. ಅವರಿಗೂ ಅದೇ ಇಷ್ಟ.

ನಿರ್ದೇಶಕರು ಕೊನೆಯಲ್ಲಿ ಇನ್ನೊಂದು ಮಾತು ಹೇಳಿದರು. "ಮೇಡಂ ಅವರ ಕೆಲಸಕ್ಕೆ ಸಾವಿಲ್ಲ" ಅಂದರು. ಆ ಮಾತನ್ನು ಇಲ್ಲೇ ಇಟ್ಟಿರಿ. ನಾನು ಅದಕ್ಕೇ ವಾಪಸ್ ಬರುತ್ತೇನೆ.

ಅಕ್ಕನ ಕೆಲಸ ಏನು? ಹೊರಗಿನವರೂ ಇದ್ದೀರಿ, ನೇರವಾಗಿ ಹೇಳುತ್ತೇನೆ. ಗಿಡ ತರುವುದು. ನೆರಳಿನಲ್ಲಿ ಒಣಗಿಸಿ ಪುಡಿ ಮಾಡುವುದು. ಸ್ಪಿರಿಟ್ಟಿನಲ್ಲಿ ನೆನೆಹಾಕಿ ಸಾರ ಇಳಿಸುವುದು. ಆ ಸಾರವನ್ನು ಭಾಗ ಮಾಡಿ, ಒಂದೊಂದು ಭಾಗವನ್ನೂ ರೋಗದ ಕ್ರಿಮಿಯ ಮೇಲೆ ಹಾಕಿ ನೋಡುವುದು. ಕ್ರಿಮಿ ಸತ್ತರೆ, ಅದರೊಳಗಿನ ಯಾವ ವಸ್ತು ಕೊಂದಿತು ಅಂತ ಹುಡುಕುವುದು. ಆ ವಸ್ತುವೇ ಮುಂದೆ ಔಷಧ ಆಗಬಹುದು. ಕ್ರಿಮಿ ಸಾಯದಿದ್ದರೆ? ಉಳಿದವರು ಸಾರವನ್ನು ಸಿಂಕಿಗೆ ಸುರಿಯುತ್ತಾರೆ.

ಅಕ್ಕ ಸುರಿಯುತ್ತಿರಲಿಲ್ಲ. ಬಾಟಲಿಯ ಮುಚ್ಚಳ ಬಿಗಿ ಮಾಡಿ, ಕತ್ತಿಗೆ ಒಂದು ಕೆಂಪು ದಾರ ಕಟ್ಟಿ ಕೋಲ್ಡ್ ರೂಮಿನಲ್ಲಿ ಇಡುತ್ತಿದ್ದರು. ಕೆಂಪು ದಾರ ಅಂದರೆ — ಪರೀಕ್ಷೆ ಆಗಿದೆ, ಏನೂ ಸಿಕ್ಕಿಲ್ಲ, ಕಾಯಬೇಕು. ದಾರ ಎಲ್ಲಿಂದ ಬರುತ್ತಿತ್ತು ಗೊತ್ತೇ? ಭಾವನ ಟೈಲರಿಂಗ್ ಅಂಗಡಿಯಿಂದ. ಭಾವ ಒಮ್ಮೆ ನನ್ನ ಹತ್ತಿರ ದೂರಿದ್ದರು: "ನೋಡಪ್ಪಾ, ನಿಮ್ಮಕ್ಕನಿಂದಾಗಿ ಕೆಂಪು ರವಿಕೆ ಹೊಲಿಯೋದೇ ಬಿಟ್ಟಿದ್ದೀನಿ. ಉಂಡೆ ತಂದ ದಿನವೇ ಮಾಯ."

ನಮ್ಮ ಲ್ಯಾಬಿನ ಎದುರುಗಡೆ ಆಗ ಒಬ್ಬ ಹಿರಿಯರಿದ್ದರು. ಗಿಡ-ಗಂಟೆಯ ಗೊಡವೆ ಇಲ್ಲದೆ, ರಾಸಾಯನಿಕಗಳನ್ನು ಕೂಡಿಸಿಯೇ ಮಾತ್ರೆ ಮಾಡುವವರು. ಅಕ್ಕನಿಗೆ 'ಸೊಪ್ಪಿನ ಮೇಡಂ' ಅಂತ ಹೆಸರಿಟ್ಟವರು ಅವರೇ. ಬಾಗಿಲಲ್ಲಿ ನಿಂತು, "ಏನಮ್ಮಾ, ಇವತ್ತು ಸೊಪ್ಪು ಕಟ್ಟಿಗೆ ಎಷ್ಟು?" ಅನ್ನುವರು. ಅಕ್ಕ ತಲೆ ಎತ್ತದೆ, "ನಿಮಗಾದ್ರೆ ಪುಕ್ಕಟೆ ಸಾರ್. ತೊಳೆದು ಕೊಡಲ್ಲ, ಅಷ್ಟೆ."

ಒಂದು ದಿನ ಅವರು ಕೋಲ್ಡ್ ರೂಮಿನೊಳಗೆ ಬಗ್ಗಿ ನೋಡಿದರು. "ಅಲ್ಲಮ್ಮಾ, ಫೇಲಾದ ಮಕ್ಕಳನ್ನೆಲ್ಲ ಇಲ್ಲೇ ಸಾಕ್ಕೊಂಡಿದ್ದೀಯಲ್ಲ. ಇನ್ನೂ ಎಷ್ಟು ದಿನ?"

ಅಕ್ಕ ಹೇಳಿದರು: "ಪ್ರಶ್ನೆ ಪತ್ರಿಕೆಯೇ ತಪ್ಪಿರಬಹುದು ಸಾರ್. ಬೇರೆ ಪತ್ರಿಕೆ ಬರಲಿ, ಇನ್ನೊಂದ್ಸಲ ಕೂರಿಸ್ತೀನಿ."

ತಮಾಷೆಗೆ ಹೇಳಿದ್ದಲ್ಲ. ಅದು ಅವರು ಕೆಲಸ ಮಾಡುವ ರೀತಿ. ಒಂದು ಕ್ರಿಮಿಯ ಮೇಲೆ ಸೋತ ಸಾರ ಇನ್ನೊಂದರ ಮೇಲೆ ಗೆಲ್ಲಬಹುದು. ಆ ಇನ್ನೊಂದನ್ನು ಲ್ಯಾಬಿನಲ್ಲಿ ಬೆಳೆಸುವುದು ನಮಗೆ ಇವತ್ತು ಗೊತ್ತಿರುವುದಿಲ್ಲ, ಮುಂದೆ ಗೊತ್ತಾಗುತ್ತದೆ. ಅಲ್ಲಿಯವರೆಗೆ ಸಾರ ಕೆಡದೆ ಇರಬೇಕು. ಕೆಡದೆ ಇರಬೇಕಾದರೆ ತಣ್ಣಗಿರಬೇಕು. ಇಷ್ಟೇ. ಇದು ಅರ್ಥವಾಗಲು ಪಿಎಚ್‌ಡಿ ಬೇಕಿಲ್ಲ. ಮನೆಯಲ್ಲಿ ಹಾಲು ಇಡುವವರಿಗೆಲ್ಲ ಗೊತ್ತು.

ಈಗ ಇದನ್ನು ನೋಡಿ. — ಹಿಂದಿನ ಸಾಲಿನವರಿಗೂ ಕಾಣಲಿ, ಎತ್ತಿ ಹಿಡಿಯುತ್ತೇನೆ. — ಕಂದು ಬಾಟಲಿ. ತಳದಲ್ಲಿ ಡಾಂಬರಿನಂಥ ಅಂಟು. ಕತ್ತಿನಲ್ಲಿ ಕೆಂಪು ದಾರ.

ಇದು ಗುಡ್ಡದ ಮೇಲೆ ಬೆಳೆಯುತ್ತಿದ್ದ ಒಂದು ಕುರುಚಲು ಗಿಡದ ಬೇರಿನ ಸಾರ. ಜ್ವರದ ಕ್ರಿಮಿಯ ಮೇಲೆ ಹಾಕಿ ನೋಡಿದಾಗ ಏನೂ ಆಗಲಿಲ್ಲ. ದಾರ ಬಿತ್ತು. ವರ್ಷಗಳು ಕಳೆದವು. ಆಮೇಲೆ ನಮ್ಮ ಕಟ್ಟಡಕ್ಕೆ, ವಾಸಿಯಾಗದ ಚರ್ಮದ ಹುಣ್ಣಿನ ಕ್ರಿಮಿಯನ್ನು ಬೆಳೆಸಿ ಪರೀಕ್ಷಿಸುವ ವ್ಯವಸ್ಥೆ ಬಂತು. ಅಕ್ಕ ಸೋತ ಬಾಟಲಿಗಳನ್ನೆಲ್ಲ ಮತ್ತೆ ಸಾಲಾಗಿ ಪರೀಕ್ಷೆಗೆ ಕೂರಿಸಿದರು. ಇದು ಪಾಸಾಯಿತು. ಇನ್ನಷ್ಟು ಬೇರು ತರೋಣ ಅಂತ ಗುಡ್ಡಕ್ಕೆ ಹೋದೆವು. ಗುಡ್ಡ ಇರಲಿಲ್ಲ. ಕಲ್ಲು ಒಡೆದು ರಸ್ತೆಗೆ ಹಾಕಿದ್ದರು. ಉಳಿದದ್ದು ಈ ಬಾಟಲಿ ಒಂದೇ. ಇದರೊಳಗಿನ ವಸ್ತುವಿನ ರಚನೆಯನ್ನು ಅಕ್ಕ ಕಂಡುಹಿಡಿದರು. ಅದನ್ನು ಲ್ಯಾಬಿನಲ್ಲಿ ತಯಾರಿಸುವ ದಾರಿಯನ್ನು, ಹೇಳಿದರೆ ನಂಬುತ್ತೀರೋ ಇಲ್ಲವೋ, ಆ ಮಾತ್ರೆ ಮಾಡುವ ಹಿರಿಯರೇ ತೋರಿಸಿಕೊಟ್ಟರು. ಇವತ್ತು ಆಸ್ಪತ್ರೆಗಳಲ್ಲಿ ಆ ಹುಣ್ಣಿಗೆ ಹಚ್ಚುವ ಮುಲಾಮು ಅದೇ. ಸಂಸ್ಥೆಯ ಬಾಗಿಲಲ್ಲಿ ದೊಡ್ಡ ಫೋಟೊ ಹಾಕಿದ್ದೀರಲ್ಲ, ಅದೇ.

ಒಬ್ಬ ಅಜ್ಜಿ 'ಮುಲಾಮಿನಮ್ಮ' ಎಲ್ಲಿ ಅಂತ ವಿಚಾರಿಸಿಕೊಂಡು ಲ್ಯಾಬಿಗೆ ಬಂದಿದ್ದಳು. ಕಾಲು ಮುಂದೆ ಚಾಚಿ, "ನೋಡು ತಾಯಿ, ಚಪ್ಪಲಿ ಹಾಕ್ತೀನಿ ಈಗ" ಅಂದಳು. ಅಕ್ಕ ಆ ಚಪ್ಪಲಿಯನ್ನು ತುಂಬಾ ಹೊತ್ತು ನೋಡಿದರು. ಅಜ್ಜಿ ಹೋದ ಮೇಲೆ ನಾನು ಕೇಳಿದೆ, "ಅಕ್ಕ, ಇನ್ನಾದರೂ ಈ ಬಾಟಲಿಯ ದಾರ ಬಿಚ್ಚಬಹುದಲ್ಲ?" ಅವರು, "ಇರಲಿ ಬಿಡಪ್ಪಾ. ಪಕ್ಕದವಕ್ಕೆ ಧೈರ್ಯ ಬರ್ಲಿ" ಅಂದರು.

ಪಕ್ಕದವಕ್ಕೆ.

ಈಗ ನಿರ್ದೇಶಕರ ಮಾತಿಗೆ ಬರುತ್ತೇನೆ.

ನೀವೆಲ್ಲ ಈ ಹಾಲಿಗೆ ಬರುವಾಗ ಮೆಟ್ಟಿಲ ಕೆಳಗೆ ರಟ್ಟಿನ ಪೆಟ್ಟಿಗೆಗಳನ್ನು ನೋಡಿದಿರಿ. ನೋಡದೆ ಇರಲು ಸಾಧ್ಯವಿಲ್ಲ, ಅರ್ಧ ದಾರಿ ಅವೇ ಇವೆ. ಕೆಲವರು ಅವುಗಳ ಮೇಲೆ ಹೆಲ್ಮೆಟ್ ಇಟ್ಟು ಬಂದಿದ್ದೀರಿ. ನಿಮ್ಮ ತಪ್ಪಿಲ್ಲ, ನಿಮಗೆ ಯಾರೂ ಹೇಳಿಲ್ಲ. ಆ ಪೆಟ್ಟಿಗೆಗಳಲ್ಲಿ ಇರುವುದು ಅಕ್ಕ ಕಾಪಾಡಿದ ಸಾರಗಳು. ಇವತ್ತು ಬೆಳಿಗ್ಗೆ ಕೋಲ್ಡ್ ರೂಮಿನಿಂದ ಹೊರಗೆ ತಂದಿದ್ದಾರೆ. ಸಂಜೆ ಕಸದ ಲಾರಿ ಬರುತ್ತದೆ. ಕೋಲ್ಡ್ ರೂಮು ಇನ್ನು ಮೇಲೆ ಮೀಟಿಂಗ್ ರೂಮಂತೆ. ಎಸಿ ಇದೆಯಲ್ಲ, ಅನುಕೂಲ ಅಂತೆ.

ಯಾವುದನ್ನು ಎಸೆಯಬೇಕು ಅಂತ ತೀರ್ಮಾನಿಸಲು ಒಂದು ಸಮಿತಿ ಮಾಡಿದ್ದರು. ಅಕ್ಕ ಆಸ್ಪತ್ರೆಯಲ್ಲಿದ್ದಾಗ. ಆ ಸಮಿತಿ ಅಕ್ಕನನ್ನು ಕೇಳಲಿಲ್ಲ, ನನ್ನನ್ನೂ ಕೇಳಲಿಲ್ಲ. ಬಾಗಿಲು ತೆಗೆದರು, ಕೆಂಪು ದಾರ ನೋಡಿದರು. ಕೆಂಪು ಅಂದರೆ ರದ್ದು ಅಂದುಕೊಂಡರು. ಉಳಿದವನ್ನು ಬೇರೆ ಫ್ರಿಜ್ಜಿಗೆ ಸಾಗಿಸಿ, ಕೆಂಪು ದಾರದವನ್ನೇ ಆರಿಸಿ ಆರಿಸಿ ಪೆಟ್ಟಿಗೆಗೆ ತುಂಬಿಸಿದರು. ಕಾಯಬೇಕು ಅಂತ ಕಟ್ಟಿದ ದಾರವನ್ನೇ ಎಸೆಯಲು ಗುರುತು ಮಾಡಿಕೊಂಡರು. ನನ್ನ ಕೈಯಲ್ಲಿರುವ ಈ ಬಾಟಲಿ — ಮುಲಾಮಿನ ಬಾಟಲಿ — ನನಗೆ ಸಿಕ್ಕಿದ್ದು ಎಲ್ಲಿ ಗೊತ್ತೇ? ಆ ಪೆಟ್ಟಿಗೆಯಲ್ಲಿ. ಈಗ, ಈ ಸಭೆಗೆ ಬರುವಾಗ.

ಬಾಗಿಲಲ್ಲಿ ಫೋಟೊ. ಮೆಟ್ಟಿಲ ಕೆಳಗೆ ಬಾಟಲಿ. ಅವರ ಕೆಲಸಕ್ಕೆ ಸಾವಿಲ್ಲ ಅಂದಿರಿ ಸಾರ್. ಸಾವಿಲ್ಲದ್ದಕ್ಕೆ ಕಸದ ಲಾರಿ ಯಾಕೆ ಕರೆಸಿದಿರಿ?

ಇಲ್ಲ ಸಾರ್, ಮೈಕು ಕೊಡುವುದಿಲ್ಲ. ನಿಮ್ಮ ಸರದಿ ಆಯಿತು. ನೀವು ಹೇಳುವುದು ನನಗೆ ಗೊತ್ತಿದೆ. ಬೆಳಿಗ್ಗೆ ನಿಮ್ಮ ಕೋಣೆಯಲ್ಲಿ ಹೇಳಿದಿರಿ: "ಈಗೆಲ್ಲಾ ಕಂಪ್ಯೂಟರಲ್ಲೇ ಔಷಧ ಹುಡುಕ್ತಾರೆ, ಈ ಹಳೇ ಕೊಳಕು ಯಾಕ್ರೀ?" ಹುಡುಕಲಿ. ಒಳ್ಳೆಯದೇ. ಆದರೆ ಕಂಪ್ಯೂಟರು ಆ ಗುಡ್ಡವನ್ನು ವಾಪಸ್ ತಂದು ಕೊಡುತ್ತದೆಯೇ? ಆ ಪೆಟ್ಟಿಗೆಗಳಲ್ಲಿರುವ ಎಷ್ಟೋ ಗಿಡಗಳು ಅಕ್ಕ ಕಿತ್ತ ಜಾಗದಲ್ಲಿ ಈಗಿಲ್ಲ. ಕೆರೆ ಮುಚ್ಚಿದ್ದಾರೆ, ಬಯಲಿಗೆ ಬೇಲಿ ಹಾಕಿದ್ದಾರೆ. ಮುಂದಿನ ಪ್ರಶ್ನೆ ಪತ್ರಿಕೆ ಬಂದಾಗ ಬರೆಯಲು ಯಾರನ್ನು ಕೂರಿಸುತ್ತೀರಿ? ಖಾಲಿ ಕುರ್ಚಿಯನ್ನೇ?

ಆಸ್ಪತ್ರೆಯಲ್ಲಿ ಅಕ್ಕನ ಜೊತೆ ನಾನು ಕೊನೆಯ ಸಲ ಮಾತಾಡಿದಾಗ ಮಗಳು ಅಲ್ಲೇ ಇದ್ದಳು. ಅಕ್ಕನಿಗೆ ದನಿ ಸರಿಯಾಗಿ ಬರುತ್ತಿರಲಿಲ್ಲ. ಕೇಳಿದ್ದು ಒಂದೇ: "ಕೋಲ್ಡ್ ರೂಮಿಗೆ ಕರೆಂಟ್ ಇದೆಯಾ?" ಭಾವ ಎಂದಿನ ಹಾಗೆ ರೇಗಿಸಿದರು, "ನನ್ನ ಊಟ ಆಯ್ತಾ ಅಂತ ಒಂದು ದಿನ ಕೇಳಲ್ಲ, ಅದಕ್ಕೆ ಮಾತ್ರ ದಿನಾ ವಿಚಾರಣೆ." ಅಕ್ಕ ನಕ್ಕರು. ನಾನು ಅಂದೆ, "ಇದೆ ಅಕ್ಕ, ಚೆನ್ನಾಗಿ ಓಡ್ತಾ ಇದೆ." ಅವತ್ತು ಅದು ನಿಜ. ಇವತ್ತೂ ಓಡುತ್ತಾ ಇದೆ. ಖಾಲಿ ಹಲಗೆಗಳನ್ನು ತಣ್ಣಗಿಡುತ್ತಾ ಇದೆ. ಬೀಗ ಹಾಕಿದೆ. ಬೀಗದ ಕೈ ನಿರ್ದೇಶಕರ ಜೇಬಿನಲ್ಲಿದೆ.

ನಾನು ಅಕ್ಕನ ಹೆಸರಿನಲ್ಲಿ ಪ್ರಶಸ್ತಿ ಕೇಳುವುದಿಲ್ಲ. ಈ ಸಭಾಂಗಣಕ್ಕೆ ಅವರ ಹೆಸರಿಡಿ ಅನ್ನುವುದಿಲ್ಲ. ಪೆಟ್ಟಿಗೆಗಳು ಒಳಗೆ ಹೋಗಬೇಕು. ಈಗ. ಬೆಳಿಗ್ಗೆ ಹೊರಗೆ ಬಂದ ಸಾರ ಇನ್ನೂ ಉಳಿಯುತ್ತದೆ, ನಾಳೆಗೆ ನನಗೆ ಗೊತ್ತಿಲ್ಲ. ಕೆಟ್ಟದ್ದು ಕಣ್ಣಿಗೆ ಕಾಣುವುದೂ ಇಲ್ಲ, ಅದೇ ಕಷ್ಟ. ನಾವು ಇಷ್ಟು ಜನ ಇದ್ದೇವೆ. ಒಬ್ಬೊಬ್ಬರು ಒಂದೊಂದು ಪೆಟ್ಟಿಗೆ ಹಿಡಿದರೆ ಲಾರಿ ಗೇಟಿಗೆ ಬರುವ ಮೊದಲೇ ಮುಗಿಯುತ್ತದೆ. ಹೂವು ತಂದವರು ಹೂವನ್ನು ಕುರ್ಚಿಯ ಮೇಲೆ ಬಿಡಿ, ಕೈ ಖಾಲಿ ಇರಲಿ.

ಎಲ್ಲರೂ ಎದ್ದು ನಿಲ್ಲಬೇಕೆಂದು ಕೇಳಿಕೊಳ್ಳುತ್ತೇನೆ. ಭಾವ, ನೀವು ಕೂತಿರಿ, ಮಂಡಿ ನೋವಿದೆ. — ಇಲ್ಲವೇ? ಸರಿ, ಮಗಳು ಹಿಡಿದುಕೊಳ್ಳಲಿ.

ಅಕ್ಕನಿಗಾಗಿ ಮೌನ ಆಚರಿಸೋಣ. ಸಾಮಾನ್ಯವಾಗಿ ಇಷ್ಟು ನಿಮಿಷ ಅಂತ ಹೇಳುತ್ತಾರೆ. ನಾನು ಹೇಳುವುದಿಲ್ಲ. ಕೋಲ್ಡ್ ರೂಮು ಈ ಗೋಡೆಯ ಆಚೆಗೇ ಇದೆ. ಅದರ ಬಾಗಿಲು ಭಾರ, ತೆಗೆದರೆ ಇಲ್ಲಿಗೆ ಕೇಳುತ್ತದೆ. ನಿರ್ದೇಶಕರು ವೇದಿಕೆಯ ಮೆಟ್ಟಿಲಿಳಿದು ಹೋಗಲು ದಯವಿಟ್ಟು ಸ್ವಲ್ಪ ದಾರಿ ಬಿಡಿ.

ಆ ಬಾಗಿಲು ತೆಗೆದ ಸದ್ದು ಕೇಳುವವರೆಗೆ ಮೌನವಾಗಿ ನಿಲ್ಲೋಣ.